ಕವಚದ ತೊಗಲು ಯಾರದು?

ಮಂಡ್ಯ ಜಿಲ್ಲೆಯ ಹೊಳಲಿನಿಂದ ಮದ್ದೂರು, ಮಳವಳ್ಳಿಯ ಕಡೆಗೆ ಹೋದರೆ ಹಿಪ್ಪುನೇರಳೆ ತೋಟಗಳು ಕಾಣುತ್ತವೆ. ರೇಷ್ಮೆಯೆಂದರೆ ನಮಗೆ ಮದುವೆಯ ಸೀರೆ. ಜಪಾನಿನ ಸಮುರಾಯ್ ಯೋಧರಿಗೆ ಅದು ಜೀವ ಕಾಯುವ ಕವಚದ ದಾರವೂ ಆಗಿತ್ತು. ಕಬ್ಬಿಣ ಮತ್ತು ಕಚ್ಚಾ ತೊಗಲಿನ ನೂರಾರು ಸಣ್ಣ ತುಂಡುಗಳಿಗೆ ಮರದ ರಸದ ಮೆರುಗು ಬಳಿದು, ರೇಷ್ಮೆ ದಾರದಿಂದ ಸಾಲುಸಾಲಾಗಿ ಹೆಣೆಯುತ್ತಿದ್ದರು. ಮೆರುಗು ತುಕ್ಕನ್ನೂ ತೇವವನ್ನೂ ತಡೆಯುತ್ತಿತ್ತು. ತೊಗಲು ಭಾರವನ್ನು ತಗ್ಗಿಸುತ್ತಿತ್ತು.

ಆದರೆ ಆ ತೊಗಲನ್ನು ಒದಗಿಸುತ್ತಿದ್ದವರು ಯಾರು? ಸತ್ತ ದನ, ಕುದುರೆಗಳ ಚರ್ಮ ಸುಲಿಯುವವರೆಂದು ಊರಾಚೆ ಇಡಲ್ಪಟ್ಟವರು. ಅವರು ಹದಗೊಳಿಸಿದ ತೊಗಲು ಒಡೆಯನ ಎದೆಯ ಮೇಲಿರಬಹುದಿತ್ತು. ಅವರು ಮಾತ್ರ ಅವನ ಹೊಸ್ತಿಲು ದಾಟುವಂತಿರಲಿಲ್ಲ. 1871ರ ಸರಕಾರಿ ಆಜ್ಞೆ ಈ ಭೇದವನ್ನು ಕಾನೂನಿನಿಂದ ತೆಗೆಯಿತು, ಮನಸ್ಸಿನಿಂದ ತೆಗೆಯಲಾಗಲಿಲ್ಲ.

ಇದು ದೂರದ ಕತೆಯಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದುದಕ್ಕೆ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಶರಣ ಪರಂಪರೆ ನೆನೆಯುತ್ತದೆ.

ಪವಿತ್ರ ಕುರ್‌ಆನ್ ಪ್ರವಾದಿ ದಾವೂದರನ್ನು(ಅ) ಯುದ್ಧಕವಚ ತಯಾರಿಸುವವರಾಗಿ ಪರಿಚಯಿಸುತ್ತದೆ. ದೊರೆಯೂ ಪ್ರವಾದಿಯೂ ಆದವರು ಸ್ವತಃ ಕಸುಬುದಾರರು! ಇದನ್ನು ಹೆಮ್ಮೆಯಿಂದ ಹೇಳುವ ನಾವೇ ಸಂಬಂಧ ಬೆಸೆಯುವಾಗ ಹುಡುಗನ ಮನೆಯವರ ಕಸುಬು ಕೇಳಿ ಮುಖ ಸಿಂಡರಿಸುವುದುಂಟು. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಮದುವೆಯ ಚಪ್ಪರದಲ್ಲಿ ದೂರ ಸರಿದರೆ ಆ ಸಾಲಿಗೆ ಅರ್ಥವೇನು?

ದುಡಿಮೆಯ ಫಲ ಬೇಕು, ದುಡಿದವನು ಬೇಡ ಎನ್ನುವುದು ಅನ್ಯಾಯ. ಇನ್ನೊಬ್ಬರ ಶ್ರಮದಿಂದ ನಮ್ಮ ಮೈ ಕಾಯ್ದುಕೊಂಡ ಮೇಲೆ ಅವರ ಮಾನ ಕಾಯುವುದು ನಮ್ಮ ಮೇಲಿನ ಋಣ.