ಅನುಮೋದನೆಯೂ ಹಿಂಸೆಯೇ

2016ರ ಜೂನ್ 12ರಂದು ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ, ಸಲಿಂಗಿಗಳು ಕೂಡುತ್ತಿದ್ದ ‘ಪಲ್ಸ್’ ನೈಟ್‌ಕ್ಲಬ್ಬಿನಲ್ಲಿ, ಬಂದೂಕುಧಾರಿಯೊಬ್ಬನು 49 ಜನರನ್ನು ಕೊಂದನು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಗುಂಪೊಂದು ತರುಣಿಯರನ್ನು ಥಳಿಸಿತು. ಕೃತ್ಯಗಳು ಸಮವಲ್ಲ, ಆದರೆ ಇಂಥ ವಾರ್ತೆಗಳ ಬೆನ್ನಿಗೇ ‘ಅಲ್ಲಿಗೆ ಅವರು ಹೋದದ್ದೇಕೆ?’ ಎಂಬ ಮಾತು ಏಳುತ್ತದೆ. ದೊಮ್ಮಲೂರಿನಲ್ಲಿದ್ದು ನೆರೆಯ ಇಂದಿರಾನಗರದ ಪಬ್ಬುಗಳನ್ನು ದಿನವೂ ಕಾಣುವ ಮದ್ಯತ್ಯಾಗಿ ಶ್ರಾವಕನ ನಾಲಗೆಗೆ ಅದು ಬಲು ಸಮೀಪ.

ತತ್ತ್ವಾರ್ಥಸೂತ್ರದ ಎಣಿಕೆಯಂತೆ ಜೀವಾಧಿಕರಣದ 108 ಭೇದಗಳಲ್ಲಿ 36 ಅನುಮೋದನೆಯವು. ಕೊಲ್ಲದೆ, ಕೊಲ್ಲಿಸದೆ, ಕೊಂದುದನ್ನು ಮನದಲ್ಲಿ ಒಪ್ಪಿದವನಿಗೂ ಕರ್ಮಾಸ್ರವ ತಪ್ಪದು. ತ್ಯಾಗವೆಂಬುದು ತನಗೆ ತಾನೇ ಹಾಕಿಕೊಂಡ ಕಟ್ಟು. ಅದರಿಂದ ಪರರ ಪ್ರಾಣದ ಬೆಲೆಯನ್ನು ಅಳೆಯಲಾಗದು. ಉಪವಾಸದ ದಿನ ಅನ್ನವನ್ನು ತೊರೆದ ನಾಲಗೆಯು ಆ ಒಂದು ಪ್ರಶ್ನೆಯನ್ನೂ ತೊರೆಯಲಿ.