ಗಾಲಿಯ ಮೇಲಿನ ಮನೆ: ಯಾರಿಗೆ ವಿಹಾರ, ಯಾರಿಗೆ ಅಪರಾಧ?

ಕಳೆದ ಬೇಸಿಗೆಯಲ್ಲಿ ವಿಲ್ಸನ್ ಗಾರ್ಡನ್ನಿನ ನಮ್ಮ ಅಡ್ಡರಸ್ತೆಗೆ ಎರಡು ಮನೆಗಳು ಬಂದವು. ಎರಡೂ ಗಾಲಿಯ ಮೇಲಿನ ಮನೆಗಳೇ. ಒಂದು ದೊಡ್ಡ ಬಿಳಿ ವ್ಯಾನು. ಸಿನಿಮಾದವರು ಕ್ಯಾರವಾನ್ ಅಂತಾರಲ್ಲ, ಅದು. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ಕಕ್ಕಸು. ನೆತ್ತಿಯ ಮೇಲೆ ಸೋಲಾರ್ ಹಲಗೆ. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೆಲಸ ಬಿಟ್ಟು, ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು, ವರ್ಷವಿಡೀ ದೇಶ ಸುತ್ತುವ ಸಂಸಾರ. ಇನ್ನೊಂದು ಲಗೇಜ್ ಆಟೋ. ಮೇಲೆ ನೀಲಿ ಟಾರ್ಪಾಲು, ಒಳಗೆ ಗಂಟುಮೂಟೆ, ಅಡಿಗಲ್ಲು, ಸುತ್ತಿಗೆ, ಕೈಯಲ್ಲಿ ತಿರುಗಿಸುವ ತಿದಿ. ಅದರಲ್ಲೂ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಮಚ್ಚು, ಕೊಡಲಿ, ಕುಡುಗೋಲು ಹಣಿದುಕೊಡುವ ಬಯಲು ಕಮ್ಮಾರರು. ಉತ್ತರ ಕರ್ನಾಟಕದ ಕಡೆಯವರು.

ಬಿಳಿ ವ್ಯಾನಿನ ಸುತ್ತ ಬೀದಿಯೆಲ್ಲ ನೆರೆಯಿತು. ಒಬ್ಬರು ಕಾಫಿ ತಂದರು, ಒಬ್ಬರು ಸಂಪಿನಿಂದ ನೀರು ಕೊಟ್ಟರು, ಇನ್ನೊಬ್ಬರು ತಮ್ಮ ಮನೆಯಿಂದ ಕರೆಂಟಿನ ವೈರು ಎಳೆದುಕೊಟ್ಟರು. ಮಕ್ಕಳನ್ನು ಸ್ಕೂಲಿಗೆ ಕಳಿಸಲ್ವಾ ಅಂತ ಯಾರೋ ಕೇಳಿದರು. 'ರಸ್ತೆಯೇ ಇವರ ಸ್ಕೂಲು' ಅಂತ ತಾಯಿ ನಕ್ಕರು. ಎಲ್ಲರೂ ತಲೆದೂಗಿದರು. ಲಗೇಜ್ ಆಟೋದ ಹತ್ತಿರವೂ ಜನ ಹೋದರು. 'ಯಾವೂರಯ್ಯಾ? ಆಧಾರ್ ಎಲ್ಲಿ? ಎಷ್ಟು ದಿನ ಇರ್ತೀಯ? ರಾತ್ರಿ ಇಲ್ಲಿ ಮಲಗಂಗಿಲ್ಲ.' ಸ್ಕೂಲಿನ ಪ್ರಶ್ನೆ ಅಲ್ಲೂ ಬಂತು, ಆದರೆ ಬೈಗುಳವಾಗಿ ಬಂತು. 'ಮಕ್ಕಳನ್ನ ಓದಿಸೋದು ಬಿಟ್ಟು ಬೀದಿಬೀದಿ ಅಲೆಸ್ತಾ ಇದ್ದೀಯಲ್ಲಾ!'

ನಾವೂ ಆ ಬೀದಿಯವರೇ. ನಾವೂ ಬಿಳಿ ವ್ಯಾನನ್ನು ನೋಡಲು ಹೋದೆವು, ಆಟೋವನ್ನು ದಾಟಿಕೊಂಡು. ಸಮಾನತೆಯ ಬಗ್ಗೆ ಭಾಷಣ ಮಾಡುವ ನಾವು, ಕೋಣೆಯ ಗೋಡೆಗೆ ಬಾಬಾಸಾಹೇಬರ ಚಿತ್ರ ಹಾಕಿಕೊಂಡ ನಾವು. ಮೂರನೇ ದಿನ ಆಟೋ ಹೊರಟು ನಿಂತಾಗ ಮಾತ್ರ ನಾಚಿಕೆಯಿಂದ ಮಾತಾಡಿಸಿದೆವು. ಆ ಮನುಷ್ಯ ಅಂದ: 'ನಿಂತ್ರ ಕಳ್ಳ ಅಂತಾರ್ರಿ ಅಣ್ಣಾರ, ಹೊಂಟ್ರ ಕದ್ದು ಓಡಿಹೋದ ಅಂತಾರ. ನಾವು ಯಾವುದು ಮಾಡೂದು ಹೇಳ್ರಿ?'

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅದನ್ನು ಹುಡುಕುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಎರಡು ಗಾಡಿಗಳ ನಡುವಿನ ವ್ಯತ್ಯಾಸ ದುಡ್ಡಿನದು ಅಂತ ಹೇಳಿ ಸುಮ್ಮನಾಗಬಹುದು. ಅದು ಅರ್ಧ ಸತ್ಯ. ಬಿಳಿ ವ್ಯಾನಿನ ಬೆನ್ನಿಗೆ ಒಂದು ವಿಳಾಸ ಇದೆ. ಸಾಕು ಅನ್ನಿಸಿದ ದಿನ ಅವರು ಹಿಂದಿರುಗಬಹುದು. ಮಗು ಜ್ವರದಲ್ಲಿ ಮಲಗಿದರೆ ನಿಲ್ಲಬಹುದು, ಯಾವ ಊರಲ್ಲಾದರೂ ಕೋಣೆ ಕೇಳಬಹುದು. ನಿಲ್ಲುವುದು ಅವರ ಕೈಯಲ್ಲಿದೆ, ಅದಕ್ಕೇ ಅವರ ಓಡಾಟ ಸ್ವಾತಂತ್ರ್ಯ. ಕಮ್ಮಾರನ ಕೈಯಲ್ಲಿ ನಿಲ್ಲುವುದು ಇಲ್ಲ. ಎಲ್ಲಿ ನಿಂತರೂ 'ಏಳು' ಅನ್ನುವ ಬಾಯಿ ಒಂದಿರುತ್ತದೆ. ನಿಲ್ಲುವ ಹಕ್ಕಿಲ್ಲದವನ ನಡಿಗೆಗೆ ಪ್ರವಾಸ ಅಂತ ಹೆಸರಿಡಲಾಗದು. ಅದು ಕಂತುಕಂತಾಗಿ ಆಗುವ ಗಡೀಪಾರು.

ಇದನ್ನು ನಮ್ಮ ಕೇರಿಗಳ ಅನುಭವದ ಪಕ್ಕ ಇಟ್ಟು ನೋಡಬೇಕು. ನಮ್ಮ ಅಪ್ಪಂದಿರಿಗೆ ಇದ್ದದ್ದು ಇದಕ್ಕೆ ತಿರುಗುಮುರುಗಾದ ಶಿಕ್ಷೆ. ಗೌಡನ ಮನೆಯ ಜೀತದಾಳು ಊರು ಬಿಟ್ಟು ಹೋಗುವಂತಿರಲಿಲ್ಲ. ಜೀತಪದ್ಧತಿ ರದ್ದತಿಯ ಕಾಯಿದೆ ಬಂದದ್ದು 1976ರಲ್ಲಿ. ಅದಾದ ಮೇಲೂ ಸಾಲದ ಹಗ್ಗ ಎಷ್ಟೋ ಕಾಲಿಗೆ ಹಾಗೇ ಇತ್ತು. ಊರ ಹೊರಗೆ ಇರಬೇಕು, ಆದರೆ ಊರ ಕೆಲಸಕ್ಕೆ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಅಲೆಮಾರಿಯದು ಇನ್ನೊಂದು ತುದಿ. ಅವನು ಊರಿಗೆ ಬರಬೇಕು, ಕೆಲಸ ಮಾಡಿಕೊಡಬೇಕು, ಕತ್ತಲಾಗುವ ಮೊದಲು ಹೋಗಿಬಿಡಬೇಕು. ಒಬ್ಬನನ್ನು ನೆಲಕ್ಕೆ ಕಟ್ಟಿದರು, ಇನ್ನೊಬ್ಬನನ್ನು ನೆಲದಿಂದ ಕಿತ್ತರು. ಕಟ್ಟಿದ ಕೈ, ಕಿತ್ತ ಕೈ ಒಂದೇ.

ರಸ್ತೆ ಎಲ್ಲರಿಗೂ ಒಂದೇ ಅನ್ನೋದು ದೊಡ್ಡ ಸುಳ್ಳು. 1901ರಲ್ಲಿ ಸಾತಾರದಿಂದ ಹೊರಟ ಪುಟ್ಟ ಹುಡುಗ ಅಂಬೇಡ್ಕರ್ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಮಸೂರು ಸ್ಟೇಷನ್ನಿನಲ್ಲಿ ಇಳಿದ. ಅಪ್ಪ ಕೆಲಸದಲ್ಲಿದ್ದ ಊರಿಗೆ ಹೋಗಬೇಕಿತ್ತು. ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಒಬ್ಬ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ, ಎರಡು ಪಟ್ಟು ಬಾಡಿಗೆಗೆ. ಷರತ್ತು ಏನೆಂದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ! ಬುತ್ತಿಯಲ್ಲಿ ಊಟ ಇತ್ತು, ಕುಡಿಯಲು ನೀರು ಕೊಡುವವರು ಆ ರಾತ್ರಿ ಸಿಗಲಿಲ್ಲ. ಅದೇ ಹುಡುಗ ದೊಡ್ಡವನಾಗಿ, ವಿದೇಶದಲ್ಲಿ ಓದಿ ಬರೋಡಾದ ನೌಕರಿಗೆ ಬಂದಾಗ, ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ಕೋಲು ಹಿಡಿದವರು ನುಗ್ಗಿ ಹೊರಗೆ ಹಾಕಿದರು. ಊರಿಗೆ ಹಿಂತಿರುಗುವ ರೈಲಿನ ಹೊತ್ತಿನವರೆಗೆ ಅವರು ಸಾರ್ವಜನಿಕ ತೋಟದಲ್ಲಿ ಕೂತರು. ಈ ಅನುಭವಗಳನ್ನು ಬರೆದ ಪುಸ್ತಕಕ್ಕೆ ಇರುವ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ತನ್ನ ದೇಶದಲ್ಲೇ ವೀಸಾಕ್ಕೆ ಕಾಯುವವನ ಪುಸ್ತಕ. ಅಮೆರಿಕದ ಕಪ್ಪುಜನರಿಗೂ ಇದೇ ಗತಿಯಿತ್ತು. ಕಾರು ಕೊಳ್ಳುವ ದುಡ್ಡಿದ್ದರೂ ಯಾವ ಊರಲ್ಲಿ ಊಟ ಸಿಗುತ್ತೆ, ಯಾವ ಹೋಟೆಲಿನಲ್ಲಿ ಹಾಸಿಗೆ ಸಿಗುತ್ತೆ ಅಂತ ಗೊತ್ತಿರುತ್ತಿರಲಿಲ್ಲ. ಅದಕ್ಕೇ ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ಅಂಥ ಜಾಗಗಳ ಪಟ್ಟಿಯನ್ನು 'ಗ್ರೀನ್ ಬುಕ್' ಅಂತ ಅಚ್ಚು ಹಾಕಿದ. ಪ್ರವಾಸದ ಪುಸ್ತಕವೇ ಅದು. ಆದರೆ ಬೇರೆಯವರ ಪ್ರವಾಸದ ಪುಸ್ತಕ ನೋಡಬೇಕಾದ್ದನ್ನು ಹೇಳಿದರೆ, ಇದು ಜೀವ ಉಳಿಸಿಕೊಳ್ಳುವ ದಾರಿ ಹೇಳಿತು.

ಕ್ಯಾರವಾನ್ ಅನ್ನುವ ಮಾತು ಪಾರ್ಸಿಯಿಂದ ಬಂದದ್ದು. ಒಟ್ಟಾಗಿ ಹೊರಟ ವ್ಯಾಪಾರಿಗಳ ಗುಂಪು ಅಂತ ಅರ್ಥ. ನಮ್ಮಲ್ಲಿ ಅದಕ್ಕೆ ಇದ್ದ ಮಾತು ತಾಂಡಾ. ಇವತ್ತು ತಾಂಡಾ ಅಂದರೆ ಲಂಬಾಣಿಗರು ನೆಲೆನಿಂತ ಹಟ್ಟಿ. ಹಿಂದೆ ಅದು ನಡೆಯುವ ಊರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಜೋಳ, ಅಕ್ಕಿ ಹೇರಿಕೊಂಡು ಹೆಂಡಿರು ಮಕ್ಕಳ ಸಮೇತ ಹೋಗುತ್ತಿದ್ದ ಊರು. 1791-92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಕಂಪನಿಯ ಸೈನ್ಯಕ್ಕೆ ಕಾಳು ಮುಟ್ಟಿಸಿದ್ದು ಈ ಬಂಜಾರರ ಎತ್ತುಗಳೇ. ಆಮೇಲೆ ರೈಲು ಬಂತು, ಉಪ್ಪಿನ ವ್ಯಾಪಾರ ಸರ್ಕಾರದ ಹಿಡಿತಕ್ಕೆ ಹೋಯಿತು. ಎತ್ತಿನ ಬೆನ್ನು ಬರಿದಾಯಿತು. ಅನ್ನ ಮುಟ್ಟಿಸಿದವರು ಅಲೆಯುವವರಾದರು, ಅಲೆಯುವವರು ಕಳ್ಳರಾದರು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂತು. 1911ರ ಕಾಯಿದೆಯಿಂದ ಅದು ದಕ್ಷಿಣಕ್ಕೂ ಹಬ್ಬಿತು. ಜಾತಿಗೆ ಜಾತಿಯನ್ನೇ ಹುಟ್ಟಿನಿಂದ ಅಪರಾಧಿ ಅನ್ನಬಹುದಾಯಿತು. ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ಹುಬ್ಬಳ್ಳಿಯಲ್ಲಿ ಇಂಥ ಜನರನ್ನು ತಂದು ಕೂಡಿಹಾಕಿ ಗಿರಣಿ ಕೂಲಿಗೆ ಹಚ್ಚಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು.

ಆ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ! ಸಂವಿಧಾನದ 19ನೇ ವಿಧಿ ದೇಶದುದ್ದಕ್ಕೂ ಓಡಾಡುವ ಹಕ್ಕು, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು, ಎರಡನ್ನೂ ಕೊಟ್ಟಿದೆ. ಆದರೂ ಹಳೆಯ ಕಾಯಿದೆ ಮನಸ್ಸುಗಳಲ್ಲಿ ಉಳಿಯಿತು, ಕಾಗದದಲ್ಲೂ ಉಳಿಯಿತು. ಜೈಲಿನ ಕೈಪಿಡಿಗಳಲ್ಲಿ ಅಲೆಮಾರಿ ಜಾತಿಯವರ ಬಗ್ಗೆ ಇದ್ದ ಇಂಥ ಹೀಗಳಿಕೆಯನ್ನು ಸುಪ್ರೀಂ ಕೋರ್ಟು ತಪ್ಪು ಅಂತ ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಇದು ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ರಜೆಯ ಕ್ಯಾರವಾನುಗಳ ದೇಶ ಇಂಗ್ಲೆಂಡಿನಲ್ಲಿ, ಒಪ್ಪಿಗೆಯಿಲ್ಲದ ಜಾಗದಲ್ಲಿ ಗಾಡಿಯಲ್ಲಿ ವಾಸಿಸುವುದನ್ನೇ 2022ರ ಕಾಯಿದೆ ಒಂದು ಹೊಸ ಅಪರಾಧ ಮಾಡಿತು, ಗಾಡಿ ಜಪ್ತಿ ಮಾಡುವ ಅಧಿಕಾರವನ್ನೂ ಕೊಟ್ಟಿತು. ಅದರ ಪೆಟ್ಟು ಬಿದ್ದದ್ದು ರಜೆಗೆ ಹೋದವರಿಗಲ್ಲ, ಜಿಪ್ಸಿಗಳಿಗೆ. ಇತ್ತ ನಮ್ಮ ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ಮಾಡಿ, ಗಾಡಿ ನಿಲ್ಲಿಸಲು ಪಾರ್ಕುಗಳ ಯೋಜನೆ ಹಾಕಿತು. ಗಾಡಿಯ ಮನೆಗೆ ನೀರು, ಕರೆಂಟು, ಕಕ್ಕಸು, ನಿಲ್ಲಲು ಜಾಗ ಕೊಡಬಹುದು ಅಂತ ಸರ್ಕಾರಗಳಿಗೆ ಗೊತ್ತಿದೆ ಅಂತಾಯಿತು. ಹಾಗಾದರೆ ಬಯಲು ಕಮ್ಮಾರನ ಆಟೋಗೆ ಯಾಕೆ ಇಲ್ಲ?

ಇಲ್ಲಿ ನಮ್ಮ ಕೆಲವು ಗೆಳೆಯರು ಎರಡು ತಕರಾರು ಎತ್ತುತ್ತಾರೆ. ಮೊದಲನೆಯದು: ಆ ಬಿಳಿ ವ್ಯಾನಿನ ಸಂಸಾರ ಏನು ತಪ್ಪು ಮಾಡಿತು? ಏನೂ ಮಾಡಿಲ್ಲ. ಆಫೀಸು, ಸಾಲದ ಕಂತು, ಟ್ರಾಫಿಕ್ಕಿನಲ್ಲಿ ಸವೆಯುವ ಬಾಳು ಸಾಕಾಗಿ ಮಕ್ಕಳ ಜೊತೆ ಬೆಟ್ಟ ಹೊಳೆ ನೋಡಬೇಕು ಅನ್ನಿಸುವುದು ಒಳ್ಳೆಯ ಆಸೆಯೇ. ಆ ಆಸೆ ಕಮ್ಮಾರನ ಮಕ್ಕಳಿಗೂ ಇದ್ದೀತು. ನಮ್ಮ ಜಗಳ ಅವರ ಸಂತೋಷದ ಮೇಲಲ್ಲ. ಒಂದೇ ಬಾಳನ್ನು ಒಬ್ಬರಲ್ಲಿ ಧೈರ್ಯ ಅಂತ, ಇನ್ನೊಬ್ಬರಲ್ಲಿ ದಾರಿತಪ್ಪಿದ್ದು ಅಂತ ಅಳೆಯುವ ನಮ್ಮ ತಕ್ಕಡಿಯ ಮೇಲೆ.

ಎರಡನೆಯದು ಇನ್ನೂ ಗಟ್ಟಿಯಾದದ್ದು: ಅಲೆಮಾರಿತನವೇ ಶೋಷಣೆಯ ಫಲ, ಎಲ್ಲರಿಗೂ ನೆಲೆ ಕೊಟ್ಟು ಕೂರಿಸಿಬಿಟ್ಟರೆ ಮುಗಿಯಿತಲ್ಲ? ನೆಲೆ ಕೊಡಲೇಬೇಕು, ತಡಮಾಡದೆ ಕೊಡಬೇಕು. ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳ ಕೈಗೆ ಕಲಬುರಗಿ ಸೀಮೆಯಲ್ಲಿ ಹಕ್ಕುಪತ್ರ ಬಂದದ್ದು 2023ರಲ್ಲಿ. ತಾವು ಕಟ್ಟಿಕೊಂಡ ಗುಡಿಸಲಿನ ಅಡಿಯ ನೆಲ ತಮ್ಮದು ಅನ್ನಿಸಿಕೊಳ್ಳಲು ಎಷ್ಟು ತಲೆಮಾರು ಬೇಕಾಯಿತು ನೋಡಿ. ಆದರೆ ಕೇಳದೆ ಕೂರಿಸುವುದು ಬೇರೆ. ಹುಬ್ಬಳ್ಳಿಯ ಸೆಟ್ಲಮೆಂಟೂ 'ಸುಧಾರಣೆ'ಯ ಹೆಸರಿನಲ್ಲೇ ಆದದ್ದು. ರಾಜಸ್ಥಾನದ ಗಾಡಿಯಾ ಲೋಹಾರರನ್ನು 1955ರಲ್ಲಿ ನೆಹರೂ ಅವರೇ ಮುಂದೆ ನಿಂತು ಚಿತ್ತೋಡದ ಕೋಟೆಯೊಳಗೆ ಕರೆದೊಯ್ದರು. ಸಮಾರಂಭ ದೊಡ್ಡದಾಗಿಯೇ ನಡೆಯಿತು. ಆದರೂ ಎಷ್ಟೋ ಜನ ಆಮೇಲೂ ಗಾಡಿಯ ಬದಿಯಲ್ಲೇ, ರಸ್ತೆಯ ಅಂಚಿನಲ್ಲೇ ಉಳಿದರು. ಕಸುಬು ಮಾರುಕಟ್ಟೆಯಿಂದ ಮಾರುಕಟ್ಟೆಗೆ ಇರುವಾಗ ಬರೀ ನಾಲ್ಕು ಗೋಡೆ ಹೊಟ್ಟೆ ತುಂಬಿಸುವುದಿಲ್ಲ.

ನಮ್ಮ ಹಕ್ಕಿಪಿಕ್ಕಿಗಳನ್ನೇ ನೋಡಿ. 1972ರ ವನ್ಯಜೀವಿ ಕಾಯಿದೆಯ ನಂತರ ಹಕ್ಕಿ ಹಿಡಿಯುವ ಕಸುಬು ಹೋಯಿತು. ಅವರು ಕೂದಲೆಣ್ಣೆ, ಗಿಡಮೂಲಿಕೆ ಹಿಡಿದು ಪಾಸ್‌ಪೋರ್ಟು ಮಾಡಿಸಿಕೊಂಡು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದಾರೆ ಅನ್ನೋ ಸುದ್ದಿ ಓದಿ ನಗರದ ಜನ ಬೆರಗಾದರು. 'ಇವರು ಅಲ್ಲಿಗೆ ಯಾಕೆ ಹೋದರು?' ಅಂತ ಕೇಳಿದರು. ಅಮೆರಿಕಕ್ಕೆ ಹೋದ ಮಗನ ಬಗ್ಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಅಲೆಯುವುದರಲ್ಲಿ ಬುದ್ಧಿ ಇದೆ, ಕಸುಬು ಇದೆ, ಧೈರ್ಯ ಇದೆ. ಅದನ್ನು ಪದ್ಯ ಮಾಡಿ ಹಾಡುವುದೂ ಬೇಡ, ರೋಗ ಮಾಡಿ ವಾಸಿಮಾಡುವುದೂ ಬೇಡ. ಹನ್ನೆರಡನೇ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮ ದೊಡ್ಡದು ಅಂದರು. ಆ ಮಾತನ್ನು ಮಠದ ಗೋಡೆಯ ಮೇಲೆ ಬರೆಸಿಕೊಂಡ ಸಮಾಜ, ನಿಜವಾದ ಜಂಗಮ ಬಾಗಿಲಿಗೆ ಬಂದರೆ ಮುಂದೆ ಹೋಗು ಅನ್ನುತ್ತದೆ.

ಈಗ ನಮ್ಮ ಮೇಲಿನ ಲೆಕ್ಕ. ನಮ್ಮಲ್ಲೊಬ್ಬ ಗೆಳೆಯ ಹಳ್ಳಿ ಶಾಲೆಯ ಮೇಷ್ಟ್ರು. ಕೂದಲಿಗೆ ಪಾತ್ರೆ ಕೊಡುವವರ ಹುಡುಗಿಯೊಬ್ಬಳು ಅವನ ಶಾಲೆಗೆ ನಾಲ್ಕು ತಿಂಗಳು ಬಂದಳು, ಆಮೇಲೆ ಬರಲಿಲ್ಲ. ಅವನು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದ. ಎರಡು ವರ್ಷದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಬಂದು, 'ಮೇಷ್ಟ್ರೇ, ಇವಳ ಹೆಸರು ಇನ್ನೂ ಐತಾ?' ಅಂದಳು. ಇವನು ಅಂದದ್ದು: 'ಟಿ.ಸಿ. ತಂದಿದ್ದೀಯೇನಮ್ಮಾ?' ಅವರು ಮತ್ತೆ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಏನು ಹೇಳುತ್ತದೆ ಗೊತ್ತೇ? ಟಿ.ಸಿ. ತಡವಾಯಿತು ಅಂತ ಮಗುವನ್ನು ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸದೆ ಇರುವಂತಿಲ್ಲ. ನಡುವೆ ಬಿಟ್ಟ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದದ್ದನ್ನು ಕಲಿಸಿಕೊಡಬೇಕು. ಗೆಳೆಯನಿಗೆ ಇದು ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ. ಈ ಪುಟ ಓದುವ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಿಮಗಾದರೂ ನೆನಪಾಗಲಿ ಅಂತ ಅವನೇ ಇದನ್ನು ಬರೆಯಲು ಹೇಳಿದ.

ಇನ್ನೊಂದು. 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿಯ ಬಗ್ಗೆ ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟಿತು. ಅತಿ ಹಿಂದುಳಿದ 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕವಾಗಿ ಶೇಕಡಾ 1 ಇರಲಿ ಅಂದಿತು. ಅದೇ ತಿಂಗಳು ಸಚಿವ ಸಂಪುಟ ಆ ಒಂದನ್ನು ಪ್ರತ್ಯೇಕ ಇಡದೆ, ಅವರಿಗಿಂತ ಬಲಿಷ್ಠರಾದ ಜಾತಿಗಳ ಜೊತೆ ಶೇಕಡಾ 5ರ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಫ್ರೀಡಂ ಪಾರ್ಕಿನಲ್ಲಿ ಕೂತರು. ಆ ಜಾಗ ಹಿಂದೆ ಸೆಂಟ್ರಲ್ ಜೈಲು. ಜೈಲಿನ ಅಂಗಳದಲ್ಲಿ ಕೂತು ಪಾಲು ಕೇಳುವ ಪಾಡು ಅವರದಾಯಿತು. ವಿಲ್ಸನ್ ಗಾರ್ಡನ್ನಿನಿಂದ ಅಲ್ಲಿಗೆ ಬಹಳ ದೂರವಿಲ್ಲ, ಒಂದು ಬಸ್ಸಿನ ದಾರಿ. ನಮ್ಮಲ್ಲಿ ಒಬ್ಬಿಬ್ಬರು ಹೋಗಿ ಕೂತೆವು. ಉಳಿದವರು ನಮ್ಮ ನಮ್ಮ ಪಾಲು ಆರೋ ಐದೋ ಅಂತ ಲೆಕ್ಕ ಹಾಕುತ್ತಿದ್ದೆವು. ಸಾವಿರ ವರ್ಷ ಊರ ಹೊರಗೆ ನಿಂತವರಿಗೆ, ತಮ್ಮ ಹೊರಗೆ ಇನ್ನೂ ಒಬ್ಬ ನಿಂತಿದ್ದಾನೆ ಅನ್ನುವುದು ಕಾಣದೆ ಹೋದರೆ, ನಾವು ಕಟ್ಟುತ್ತಿರುವುದು ಏನು? ಇನ್ನೊಂದು ಊರನ್ನೇ ಅಲ್ಲವೇ?

ಕಮ್ಮಾರನ ಪ್ರಶ್ನೆಗೆ ಈಗ ನಮಗೆ ತಿಳಿದಷ್ಟು ಉತ್ತರ ಹೇಳಬಹುದು. ನಿಲ್ಲುವುದೋ ಹೊರಡುವುದೋ ಅವನು ತೀರ್ಮಾನಿಸಬೇಕು. ಎರಡನ್ನೂ ಮಾಡುವ ಶಕ್ತಿ ಅವನ ಕೈಯಲ್ಲಿ ಇರುವಂತೆ ನೋಡಿಕೊಳ್ಳುವುದು ಉಳಿದವರ ಹೊಣೆ. ಅಂದರೆ ಬೇಕಾದಾಗ ಹಿಂದಿರುಗಲು ಒಂದು ನಿವೇಶನ, ಎಲ್ಲಿ ಹೋದರೂ ನಡೆಯುವ ರೇಷನ್ ಕಾರ್ಡು, ಯಾವ ಊರಿನಲ್ಲೂ ಮಗುವಿಗೆ ಬಾಗಿಲು ತೆರೆಯುವ ಶಾಲೆ, ಪಟ್ಟಣದಲ್ಲಿ ಗಾಡಿ ನಿಲ್ಲಿಸಲು ನೀರು ಕಕ್ಕಸು ಇರುವ ಒಂದು ಜಾಗ. ಇದರಲ್ಲಿ ಯಾವುದೂ ಕ್ರಾಂತಿಯಾಗುವವರೆಗೆ ಕಾಯಬೇಕಾದ್ದಲ್ಲ. ಹೊಸ ಹಾಜರಿ ಪುಸ್ತಕ ಜೂನ್ ತಿಂಗಳಿಗೆ ಬರುತ್ತದೆ. ಬೀದಿಯ ನಲ್ಲಿ ಇವತ್ತೇ ಇದೆ.

ಆ ಲಗೇಜ್ ಆಟೋ ಎಲ್ಲಿಗೆ ಹೋಯಿತೋ ನಮಗೆ ಗೊತ್ತಿಲ್ಲ. ಇನ್ನೊಂದು ಬರುತ್ತದೆ. ಆಗ ನಾವು ಮೊದಲು ಆಧಾರ್ ಕೇಳುತ್ತೇವೋ, ನೀರು ಬೇಕೇ ಅಂತ ಕೇಳುತ್ತೇವೋ, ನಮ್ಮ ಬಂಡಾಯದ ಬೆಲೆ ಅಷ್ಟರಲ್ಲೇ ಗೊತ್ತಾಗುತ್ತದೆ.