ತಾನಾಗಿ ಮೂಡಿದ ರೇಖೆ ಯಾರದು?

ಬುದ್ಧಿಯ ಹಿಡಿತವಿಲ್ಲದೆ ಕೈ ಎಳೆದ ರೇಖೆಗೆ ಕರ್ತೃ ಯಾರು? ಆ ರೇಖೆಯಲ್ಲಿ ಕ್ರೌರ್ಯವು ಕಂಡರೆ ಅದರ ದೋಷ ಯಾರಿಗೆ ಸಲ್ಲಬೇಕು? ಅತಿವಾಸ್ತವವಾದಿಗಳ ಚಿತ್ರಗಳನ್ನು ಕಂಡ ಶ್ರಾವಕನಲ್ಲಿ ಏಳಬೇಕಾದ ಪ್ರಶ್ನೆಗಳಿವು. ‘ಇದೇನು ಗೀಚಾಟ’ ಎಂದು ಮುಖ ತಿರುಗಿಸುವುದು ಸುಲಭ.

1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತೋನನು ಪ್ರಕಟಿಸಿದ ಘೋಷಣಾಪತ್ರವು ವಿಚಾರದ ನಿಯಂತ್ರಣದೊಂದಿಗೆ ಸೌಂದರ್ಯದ ಹಾಗೂ ನೀತಿಯ ಗೊಡವೆಯನ್ನೂ ಹೊರಗಿಟ್ಟಿತು. ಅದೇ ಪಂಥದ ಆಂದ್ರೆ ಮಾಸೋನನು ಮೊದಲೇ ಏನನ್ನೂ ಯೋಚಿಸದೆ ಲೇಖನಿಯನ್ನು ಕಾಗದದ ಮೇಲೆ ಹರಿಯಬಿಟ್ಟನು. ಸುತ್ತಿ ಸುಳಿದ ಗೆರೆಗಳ ನಡುವೆ ಕೈ, ಮೈ, ಹಕ್ಕಿಗಳ ತುಣುಕುಗಳು ಮೂಡಿದವು. ಆತನು 1917ರಲ್ಲಿ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡವನೆಂಬುದನ್ನು ಮರೆಯಬಾರದು.

ಮನಸ್ಸಿಗೆ ಆಕಾರ ಕೊಡುವ ಯತ್ನವು ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಜೈನಮಠದ ಭಿತ್ತಿಯಲ್ಲಿ ಲೇಶ್ಯಾವೃಕ್ಷದ ಚಿತ್ರವಿದೆ. ಹಸಿವು ಆರು ಮಂದಿಗೂ ಒಂದೇ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೆಡವಬಯಸುತ್ತಾನೆ, ಶುಕ್ಲಲೇಶ್ಯೆಯವನು ಉದುರಿದ ಹಣ್ಣಿನಲ್ಲೇ ತೃಪ್ತನು. ಅಲ್ಲಿ ಸಿದ್ಧಾಂತವು ಮೊದಲು, ರೇಖೆಯು ಅನಂತರ. ಮಾಸೋನನಲ್ಲಿ ರೇಖೆಯೇ ಮೊದಲು.

ಹಾಗೆಂದು ಎರಡನೆಯದನ್ನು ಹೇಯವೆನ್ನಲಾಗದು. ತಾನಾಗಿ ಮೇಲೆದ್ದ ಭಾವವು ಪೂರ್ವಕರ್ಮದ ಉದಯ. ಅದಕ್ಕೆ ರಾಗದಿಂದ ಅಂಟಿಕೊಂಡಾಗ, ಇಲ್ಲವೇ ಅದನ್ನು ದ್ವೇಷದಿಂದ ಹೊಸಕಹೋದಾಗ ಹೊಸ ಬಂಧವುಂಟಾಗುತ್ತದೆ. ಹೊಸಪೇಟೆಯ ಅಂಗಡಿಕಾರನು ನಷ್ಟ ಬರೆದ ಕಿರ್ದಿಯ ಹಾಳೆಯನ್ನು ಹರಿದೊಗೆದರೆ ನಷ್ಟವೇನೂ ತೀರುವುದಿಲ್ಲ! ಪ್ರತಿಕ್ರಮಣಕ್ಕೂ ದೋಷವು ಮೊದಲು ಕಣ್ಣಿಗೆ ಬೀಳಬೇಕಷ್ಟೆ. ಆದರೆ ನೀತಿಯ ಗೊಡವೆಯೇ ಬೇಡವೆಂಬ ಬ್ರೆತೋನನ ನಿಲುವು ಒಪ್ಪತಕ್ಕದ್ದಲ್ಲ. ಗೆರೆ ಎಳೆಯುವಾಗ ಸಡಿಲಿಸಿದ ಎಚ್ಚರವನ್ನು ಅದನ್ನು ನೋಡುವಾಗಲೂ ಸಡಿಲಿಸಿದರೆ ಅದು ಪ್ರಮಾದವೇ ಸರಿ.

ನೋಡುವಾಗಿನ ಎಚ್ಚರವೆಂದರೇನೆಂಬುದನ್ನು ಹಂಪೆಯ ಬಂಡೆಗಳೇ ತಿಳಿಸಬಲ್ಲವು. ಒಂದೇ ಬಂಡೆ ಒಬ್ಬನಿಗೆ ಆಮೆ, ಮತ್ತೊಬ್ಬನಿಗೆ ಬಾಯ್ದೆರೆದ ಮೃಗ; ಕಲ್ಲು ಎರಡೂ ಅಲ್ಲ. ಅಲ್ಲಿಗೆ ಸಮೀಪದಲ್ಲೇ, ಕಮಲಾಪುರದ ದಾರಿಯಲ್ಲಿ, 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಗಾಣಗಿತ್ತಿ ಬಸದಿಯಿದೆ. ಅದರ ಶಿಖರದಲ್ಲಿ ಪ್ರತಿಮೆಗಳ ಸಂದಣಿಯಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಕಲ್ಲಿನ ಸ್ತರಗಳು ಮಾತ್ರ. ಗರ್ಭಗೃಹದಲ್ಲಿ ಇಂದು ಬಿಂಬವೂ ಇಲ್ಲ. ಅಲ್ಲಿ ಕುಳಿತವನಿಗೆ ಕಾಣುವುದೆಲ್ಲ ಬಹುಮಟ್ಟಿಗೆ ತನ್ನದೇ ಪರಿಣಾಮ.

ಬಸದಿಗಳ ಪಾಠಶಾಲೆಗೆ ಬರುವ ಮಗುವು ಕುಂಥುನಾಥರ ಲಾಂಛನವಾದ ಆಡನ್ನು ಬರೆಯೆಂದರೆ ಪುಟದ ತುಂಬ ಕಪ್ಪು ಸುಳಿಗಳನ್ನು ಗೀಚುವುದುಂಟು. ಹಾಳೆಯನ್ನು ಕಸಿದು ಗದರಿಸುವ ಹಿರಿಯರೂ ಉಂಟು. ಆಡನ್ನು ನಾಳೆಯೂ ಕಲಿಸಬಹುದು. ಆ ಸುಳಿಗಳಲ್ಲಿ ಏನಿದೆಯೆಂದು ಮಗುವನ್ನು ಕೇಳಲು ಅಂದೇ ಸಮಯ.